ಮಡಿದೊಣೆಗೆ ನಾನು ಹಚ್ಚಿದ ಹೆಸರು

ತಮಿಳುನಾಡಿನ ಗಡಿಯಲ್ಲಿ, ಸೂಳಗಿರಿ ಕಡೆಯ ನಮ್ಮ ಗುಡ್ಡದ ಮೇಲೆ ಪಾಳುಕೋಟೆಯಿದೆಯಲ್ಲ, ಅಲ್ಲಿನ ಬಂಜೆರಾಣಿ ಕಥೆ ಸುಳ್ಳು. ಹುಟ್ಟಿಸಿದವಳು ನಾನು. ರಾಣಿಯೂ ಇಲ್ಲ, ಅವಳು ನೀರಿಗೆ ಬಿದ್ದದ್ದೂ ಇಲ್ಲ. ಬೈಯುವವರು ಬೈಯಿರಿ— ಮೊದಲು ಪೂರ್ತಿ ಕೇಳಿ.

ಪಾಳೇಗಾರರು ಕಟ್ಟಿದ ಕೋಟೆ ಅದು. ಗೋಡೆ ಉರುಳಿದೆ, ಮದ್ದಿನ ಮನೆಗೆ ಸೂರಿಲ್ಲ. ಬಂಡೆಯೊಳಗಿನ ದೊಣೆಯ ನೀರು ಮಾತ್ರ ಬತ್ತಿಲ್ಲ. ಕೋಟೆಯ ದೇವರಿಗೆ ಅದೇ ನೀರು ಹೋಗುತ್ತಿತ್ತೆಂದು ಹಿರಿಯರು ಮಡಿದೊಣೆ ಎಂದರು. ಅದೇ ನೀರು ಬೆರೆಸಿ ನನ್ನ ಓರಗಿತ್ತಿ ಗೌರಕ್ಕ ಮೇಲೆ ಮಜ್ಜಿಗೆ ಮಾರುತ್ತಿದ್ದಳು, ನಾನು ಗುಡ್ಡದ ಬುಡದಲ್ಲಿ. ನೋಡಲು ಬಂದವರು ಅವಳದನ್ನು ಕುಡಿದು, ಇಳಿಯುವಾಗ ನನ್ನ ಮುಂದೆಯೇ ಅವಳ ಕೈರುಚಿ ಹೊಗಳುತ್ತಿದ್ದರು. ನನಗೆ ಹೊಟ್ಟೆಯುರಿ— ಅದಕ್ಕೆ ಬೇರೆ ಹೆಸರಿಲ್ಲ.

ಗೌರಕ್ಕನಿಗೆ ಮಕ್ಕಳಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಒಂದು ದಿನ ಶಾಲೆ ಮಕ್ಕಳನ್ನು ಕರೆತಂದ ತಮಿಳು ಮೇಷ್ಟ್ರು ಬುಡದಲ್ಲಿ ನನ್ನನ್ನು ದೊಣೆಯ ಹೆಸರು ಕೇಳಿದರು. ಹೇಳಿದೆ. ಅವರ ಕಿವಿಗೆ ಮಡಿ ಬೇರೆಯಾಗಿ ಬಿತ್ತು. "ಮಲಡಿಯಾ?" ಎಂದರು. ತಮಿಳಿನಲ್ಲಿ ಮಲಡಿ ಎಂದರೆ ಬಂಜೆ. ನನಗೆ ಗೊತ್ತಿತ್ತು. ತಿದ್ದಬಹುದಿತ್ತು—

"ಆಮಾ ಸಾರ್," ಎಂದೆ. ಹೌದು ಅಂತ. ಮಕ್ಕಳಿಲ್ಲದ ರಾಣಿಯೊಬ್ಬಳು ಅಲ್ಲಿ ಬಿದ್ದು ಸತ್ತಳು, ಮಕ್ಕಳಿಲ್ಲದವರು ಆ ನೀರು ಮುಟ್ಟಬಾರದು ಎಂದೂ ಸೇರಿಸಿದೆ.

ಮೇಷ್ಟ್ರು ಬರೆದುಕೊಂಡರು. ಮಾತು ಗುಡ್ಡ ಹತ್ತಿತು. ಬಂದವರು ಗೌರಕ್ಕನಿಗೆ ಎಷ್ಟು ಮಕ್ಕಳೆಂದು ಕೇಳಿ, ಲೋಟ ಕೆಳಗಿಟ್ಟರು. ಅವಳು ಗಡಿಗೆ ಹೊತ್ತು ಇಳಿದವಳು ಮತ್ತೆ ಹತ್ತಲಿಲ್ಲ. ಆ ಜಾಗದಲ್ಲಿ ನಾನು ಕೂತೆ.

ಹೋದ ಭಾನುವಾರ ಹೊಸೂರಿನಿಂದ ಬಂದ ಅತ್ತೆಯೊಬ್ಬಳು, ಬಿಸಿಲಿಗೆ ಬಾಡಿ ನೀರಿಗೆ ಬಗ್ಗಿದ ಸೊಸೆಯ ಕೈ ಹಿಡಿದೆಳೆದಳು. "ನೀ ತೊಡಾದೆ!" ಮುಟ್ಟಬೇಡ ಅಂತ. ಅಂದು ನಾನು ಹೇಳಿದ ಮಾತೇ.

"ಅದೆಲ್ಲಾ ನಾನ್ ಕಟ್ಟಿದ್ ಸುಳ್ಳು ಕಣಮ್ಮ, ಕುಡಿ!" ಎಂದು ಕೂಗಿದೆ. ಮುದುಕಿಗೆ ತಲೆ ಕೆಟ್ಟಿದೆ ಎಂದಳು ಅತ್ತೆ. ಹುಡುಗಿ ಕುಡಿಯಲಿಲ್ಲ.

ಚೊಂಬಿನಲ್ಲಿ ದೊಣೆಯ ನೀರು ತುಂಬಿಕೊಂಡು ನೆಟ್ಟಗೆ ಗೌರಕ್ಕನ ಮನೆಗೆ ಹೋದೆ. ಎಲ್ಲ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇದ್ದಳು.

"ಈಗ ತಂದ್ಯಾ? ಮೂವತ್ ವರ್ಸ ಬಾಯಾರ್ಕೊಂಡೇ ಕೂತಿರ್ತಾರೇನೆ ಯಾರಾನ?"

ಚೊಂಬು ಮುಟ್ಟಲಿಲ್ಲ.

ಅವಳು ಕ್ಷಮಿಸಬೇಕಾಗಿಲ್ಲ, ನಾನು ಕೇಳಲೂ ಇಲ್ಲ. ಇನ್ನು ಅಲ್ಲಿ ಮಜ್ಜಿಗೆ ಮಾರುವುದಿಲ್ಲ. ಆದರೆ ಹತ್ತುತ್ತೇನೆ— ಮಂಡಿ ಒಪ್ಪಲಿ, ಬಿಡಲಿ. ದೊಣೆಯ ಪಕ್ಕ ಕೂತು, ಬಂದವರಿಗೆಲ್ಲ ತಮಿಳಿನಲ್ಲೂ ತೆಲುಗಿನಲ್ಲೂ ಹೇಳುತ್ತೇನೆ: ಇದು ಮಡಿ, ಮಲಡಿ ಅಲ್ಲ. ಹುಚ್ಚಿ ಎನ್ನುವವರು ಎನ್ನಲಿ. ಮಕ್ಕಳಿಲ್ಲದ ಒಬ್ಬ ಹೆಣ್ಣುಮಗಳು ಬಗ್ಗಿ ಬೊಗಸೆ ತುಂಬ ಕುಡಿಯುವವರೆಗೂ ನಾನು ಆ ಬಂಡೆ ಬಿಟ್ಟು ಏಳುವವಳಲ್ಲ.