ಇಮಾಮ್ ಸಾಬರು ಬಿಚ್ಚಿದ ಗಾದಿ

ಇಮಾಮ್ ಸಾಬರು ಗಾದಿಯನ್ನು ಮೊಣಕೈಯಿಂದ ನೋಡುತ್ತಿದ್ದರು. ಕಣ್ಣು ಮುಚ್ಚಿ ತಲೆಯ ಕಡೆ ಒಮ್ಮೆ, ನಡುವಿಗೆ ಒಮ್ಮೆ, ಕಾಲ ಕಡೆ ಒಮ್ಮೆ ಮೊಣಕೈ ಊರುವುದು. ಆಮೇಲೆ ಆ ಮನೆಯವರು ಹೇಗೆ ಮಲಗುತ್ತಾರೆಂದು ಜ್ಯೋತಿಷಿಯ ಗತ್ತಿನಲ್ಲಿ ಹೇಳುವುದು. ನಿಟ್ಟುವಳ್ಳಿಯ ನಮ್ಮ ಮನೆಗೆ ಮೊದಲ ಸಲ ಬಂದಾಗ ನಮ್ಮ ದೊಡ್ಡ ಗಾದಿಯನ್ನು ಹೀಗೇ ಪರೀಕ್ಷಿಸಿ, "ಯಜಮಾನ್ರಿಗೆ ಅಂಚಿನಾಗೆ ಒಂದು ಗೇಣು ಜಾಗ ಕೊಟ್ಟೀರಿ ತಂಗೆಮ್ಮ, ಬಿದ್ದರೆ ಯಾರು ಜವಾಬ್ದಾರಿ?" ಎಂದಿದ್ದರು. ನನ್ನ ಗಂಡ ಅವತ್ತೇ ಅವರ ಅಭಿಮಾನಿಯಾದರು.

ಹರಿಹರದಲ್ಲಿ ಅವರದು ಹತ್ತಿ ಹಿಂಜುವ ಮಿಷಿನ್ನಿನ ಸಣ್ಣ ಅಂಗಡಿ. ನಾನು ಪಾಠ ಮಾಡುವ ಹೈಸ್ಕೂಲಿನ ದಾರಿಯಲ್ಲೇ ಇತ್ತು. ಎಪ್ಪತ್ತು ದಾಟಿದ್ದರೂ ಗಾದಿಯನ್ನು ಸುತ್ತಿ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ದಾವಣಗೆರೆಯ ತನಕ ಬರುತ್ತಿದ್ದರು. ಸ್ಪಂಜಿನ ಹಾಸಿಗೆ ಎಂದರೆ ಮೂಗು ಮುರಿಯುತ್ತಿದ್ದರು. ಅದು ಗಾದಿಯೇ ಅಲ್ಲ, ರಬ್ಬರು ಇಡ್ಲಿ ಎನ್ನುತ್ತಿದ್ದರು. ಮಾತು ಬಹಳ. ದಬ್ಬಳ ಹಿಡಿದು ಹೊಲಿಯಲು ಕೂತಾಗ ಬಾಯಲ್ಲಿ ದಾರ ಇರುತ್ತಿದ್ದುದರಿಂದ ನಮಗೆ ಸ್ವಲ್ಪ ಬಿಡುವು ಸಿಗುತ್ತಿತ್ತು.

ಕಳೆದ ವರ್ಷ ನಾನು ಅವರನ್ನು ಕರೆಸಿದ್ದು ಮಗಳ ಗಾದಿಗಾಗಿ. ಸಿಂಚನ ಆಗ ನಾಲ್ಕನೇ ಕ್ಲಾಸು. ಎಂಟೂವರೆಗೆ ಮಲಗಿಸಿದರೆ ಹನ್ನೊಂದಾದರೂ ಕಣ್ಣು ಪಿಳಿಪಿಳಿ. ಬೆಳಗ್ಗೆ ಎಬ್ಬಿಸುವುದು ಒಂದು ಯುದ್ಧ, ಸ್ಕೂಲಿನಲ್ಲಿ ತೂಕಡಿಕೆ. ಅರಳು ಹುರಿದಂತೆ ಮಾತಾಡುತ್ತಿದ್ದ ಹುಡುಗಿ ಮಂಕಾಗುತ್ತಾ ಬಂದಳು. ಡಾಕ್ಟರು ಪರೀಕ್ಷಿಸಿ, ಮೈಯಲ್ಲಿ ಯಾವ ತೊಂದರೆಯೂ ಇಲ್ಲ ಎಂದರು. ನಾನು ಬಿಸಿಹಾಲು ಕೊಟ್ಟೆ, ಪಾದಕ್ಕೆ ಎಣ್ಣೆ ತಿಕ್ಕಿದೆ, ದೃಷ್ಟಿ ತೆಗೆದೆ, ಗದರಿದೆ. ಕೊನೆಗೆ ತಪ್ಪೆಲ್ಲ ಗಾದಿಯದೇ ಎಂದು ತೀರ್ಮಾನಿಸಿದೆ. ಗಣಿತದ ಮೇಡಂ ನಾನು, ತೀರ್ಮಾನಕ್ಕೆ ಬರುವುದು ಬೇಗ.

ಸಾಬರು ಗಾದಿಯನ್ನು ತಾರಸಿಯ ಮೇಲೆ ಹಾಕಿಸಿದರು. ಈ ಸಲ ಮೊಣಕೈ ಊರಲೇ ಇಲ್ಲ. ಬಲಗಡೆಯ ಅಂಚಿನಲ್ಲಿ ಹೊಲಿಗೆ ಬಿಚ್ಚಿದ್ದನ್ನು ನೋಡುತ್ತಾ ಕೂತರು. ಇಲಿಯ ಕೆಲಸವಿರಬೇಕು ಎಂದೆ.

"ಇಲಿ ಆಗಿದ್ರೆ ಬಟ್ಟಿ ಕಡೀತಿತ್ತು. ಬಟ್ಟಿ ಹಂಗೇ ಐತೆ, ದಾರ ಅಷ್ಟೇ ಬಿಚ್ಚೈತೆ. ಇದು ನಿದ್ದಿ ಬರದ ಬೆರಳಿನ ಕೆಲಸ," ಎಂದು ಒಳಗೆ ಕೈಹಾಕಿ ಸಿಕ್ಕಿದ್ದನ್ನೆಲ್ಲ ಪೇಪರಿನ ಮೇಲೆ ಹರವಿದರು. ಪೆನ್ಸಿಲ್ ಹೆರೆದ ಸಿಪ್ಪೆ, ರಬ್ಬರಿನ ಚೂರು, ಬಿಸ್ಕತ್ತಿನ ಕಾಗದ, ಹದಿನಾರರ ಮಗ್ಗಿಯನ್ನು ಬರೆದ ರಟ್ಟಿನ ಹರಿದ ತುಂಡುಗಳು. ಅಕ್ಷರ ನನ್ನದೇ. ಬಸ್ಸಿಳಿದು ಬಂದು ಅಡುಗೆ ಮುಗಿಸುವಷ್ಟರಲ್ಲಿ ಹೊತ್ತಾಗುತ್ತಿತ್ತು. ಹೋಂವರ್ಕು, ಮಗ್ಗಿ, ಬೈಗುಳ ಎಲ್ಲವೂ ಆ ಗಾದಿಯ ಮೇಲೆಯೇ ನಡೆಯುತ್ತಿದ್ದವು. ದೀಪ ಆರಿಸಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ನಿಂತು "ನಿದ್ದೆ ಬಂತಾ?" ಎಂದು ಕೇಳುತ್ತಿದ್ದವಳೂ ನಾನೇ. ಕತ್ತಲಲ್ಲಿ ಒಬ್ಬಳೇ ದಾರ ಬಿಚ್ಚುತ್ತಿದ್ದ ಆ ಸಣ್ಣ ಬೆರಳನ್ನು ನೆನೆದು ರಟ್ಟಿನ ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಗಾದಿದು ಏನೂ ತಪ್ಪಿಲ್ಲ ತಂಗೆಮ್ಮ. ಇದರ ಮ್ಯಾಲೆ ನಿದ್ದಿ ಒಂದು ಬಿಟ್ಟು ಎಲ್ಲಾ ಆಗೈತೆ," ಎಂದರು ಸಾಬರು. "ನಿದ್ದಿ ಬಂದ ಮ್ಯಾಲೆ ಹಾಸ್ಬೇಕು. ಹಾಸಿಟ್ಟು ನಿದ್ದಿ ಕರೀಬಾರದು."

ಗಾದಿಯನ್ನು ಮೊಪೆಡ್ಡಿಗೆ ಕಟ್ಟಿಯೇಬಿಟ್ಟರು. ಒಂದು ತಿಂಗಳು ಕೊಡುವುದಿಲ್ಲವಂತೆ. ಅಲ್ಲಿಯವರೆಗೆ ಚಾಪೆ, ಕೌದಿ. ಎರಡನ್ನೂ ಸುತ್ತಿ ಮೂಲೆಯಲ್ಲಿಡಬೇಕು, ಹುಡುಗಿಗೆ ಆಕಳಿಕೆ ಬರುವ ತನಕ ಬಿಚ್ಚಬಾರದು. ಓದು ಸಂಜೆಯೇ ಮುಗಿಯಬೇಕು. ಬೆಳಗ್ಗೆ ಆರೂವರೆಗೆ, ಭಾನುವಾರವೂ, ಅವಳೇ ಎದ್ದು ಹಾಸಿಗೆ ಸುತ್ತಬೇಕು. ನಿದ್ದೆಯ ಸುದ್ದಿ ನನ್ನ ಬಾಯಲ್ಲಿ ಬರಕೂಡದು. ಸಿಂಚನಳ ಕೈಗೆ ಒಂದು ಚೀಲ ಹತ್ತಿ ಕೊಟ್ಟು, "ದಿನಾ ಉಂಡ ಮ್ಯಾಲೆ ಒಂದೊಂದು ಹಿಡಿ ಹಿಂಜಿ ಇಡು ಪುಟ್ಟವ್ವ. ನನ್ನ ಬೆರಳು ಮೊದಲಿನಂಗಿಲ್ಲ," ಎಂದರು. ಅಂಗಡಿಯಲ್ಲಿ ಮಿಷಿನ್ ಇಟ್ಟುಕೊಂಡವರಿಗೆ ಕೈಯಲ್ಲಿ ಹಿಂಜಿದ ಹತ್ತಿ ಬೇಕಿರಲಿಲ್ಲ. ಆದರೆ ಸಿಂಚನ ಅದನ್ನು ದೊಡ್ಡ ಹುದ್ದೆಯೆಂದೇ ಒಪ್ಪಿಕೊಂಡಳು.

ಮೊದಲ ವಾರ ಹಾಳಾಗಿ ಹೋಯಿತು. ಹತ್ತೂವರೆಯಾದರೂ ಹುಡುಗಿ ಗೋಡೆಗೆ ಒರಗಿ ಹತ್ತಿ ಹಿಂಜುತ್ತಿದ್ದಳು. ನಾನು ಬಾಯಿ ಬಿಗಿಹಿಡಿದು ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೆ. ಗಾದಿ ವಾಪಸ್ ತಂದುಕೊಡಿ ಎಂದು ಫೋನು ಮಾಡಿದ್ದಕ್ಕೆ, "ಹೊಸ ಗಾದಿನೂ ಎಂಟು ದಿನ ಮೈಗೆ ಕೂಡಂಗಿಲ್ಲ, ತಡ್ಕೊಳ್ರಿ," ಎಂದು ಇಟ್ಟುಬಿಟ್ಟರು. ತಡೆದುಕೊಂಡೆ. ಎರಡನೇ ವಾರದಲ್ಲಿ ಒಂದು ದಿನ ಬೆರಳು ನಿಧಾನವಾದವು, ತಲೆ ವಾಲಿತು. "ಅಮ್ಮ, ಹಾಸು," ಎಂದಳು. ಹತ್ತು ಗಂಟೆಯೂ ಆಗಿರಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಒಂಬತ್ತೂವರೆಗೆ ನಿದ್ದೆ, ಆರೂವರೆಗೆ ತಾನೇ ಎಚ್ಚರ. ಮಗಳ ನಗು ಮನೆಗೆ ವಾಪಸ್ ಬಂದಿತ್ತು.

ಸಾಬರು ಗಾದಿ ತರುವ ದಿನ ಸಿಂಚನ ಹಿಂಜಿದ ಹತ್ತಿಯ ಚೀಲಕ್ಕೆ ರಿಬ್ಬನ್ ಕಟ್ಟಿ ಕಾದಳು. ಅವರ ಕೈಗೆ ತಾನೇ ಕೊಡಬೇಕು, ಮಲಗಿದ್ದರೂ ಎಬ್ಬಿಸಬೇಕು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಅಂಗಡಿ ಮುಚ್ಚಿ ಅವರು ಬಂದಾಗ ಒಂಬತ್ತು ಮುಕ್ಕಾಲು. ಆಣೆಯ ಮಾತು ಹೇಳಿ ಎಬ್ಬಿಸಲು ಹೊರಟೆ. ಅವರು ಅಡ್ಡ ನಿಂತರು. ಅವರ ಮುಖದಲ್ಲಿ ಸಿಟ್ಟು ಕಂಡಿದ್ದು ಅದೊಂದೇ ಸಲ.

"ನಿದ್ದಿಗಿಂತ ದೊಡ್ಡವನೇನ್ರಿ ನಾನು?"

ಗಾದಿಯನ್ನು ಸದ್ದಾಗದಂತೆ ಇಳಿಸಿದರು. ಚಹಾ ಬ್ಯಾಡ ಎಂದು ಕೈಯಲ್ಲೇ ಹೇಳಿ, ರಿಬ್ಬನ್ ಕಟ್ಟಿದ ಚೀಲವನ್ನು ಕಂಕುಳಲ್ಲಿಟ್ಟುಕೊಂಡು, ಬೀದಿಯ ತುದಿಯವರೆಗೂ ಮೊಪೆಡ್ಡನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೋದರು.

ಆಮೇಲೆ ದಸರಾ ರಜೆ ಬಂತು. ರಜೆ ಮುಗಿಸಿ ಹರಿಹರಕ್ಕೆ ಹೋದರೆ ಅಂಗಡಿಗೆ ಬೀಗ. ಸಾಬರು ಎದೆನೋವಿನಿಂದ ತೀರಿಕೊಂಡು ವಾರವಾಯಿತೆಂದು ಪಕ್ಕದ ಅಂಗಡಿಯವರು ಹೇಳಿದರು. ಅವತ್ತು ಪಾಠ ಹೇಗೆ ಮಾಡಿದೆನೋ ಗೊತ್ತಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿದೆ. ಸಾಬರು ಬಂದ ರಾತ್ರಿ ನನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಜಗಳ ತೆಗೆದಳು, ಅತ್ತಳು, ಅಳುತ್ತಲೇ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ತಟ್ಟೆಯಲ್ಲಿ ಬಡಿಸಿದ ಅನ್ನ ಹಾಗೇ ಇತ್ತು. ಉಪವಾಸ ಮಲಗಿದ ಮಗುವನ್ನು ಯಾವ ತಾಯಿಯೂ ಎಬ್ಬಿಸಿ ಉಣಿಸದೆ ಬಿಡುವುದಿಲ್ಲ. ನಾನು ಎಬ್ಬಿಸಲಿಲ್ಲ.