ನನ್ನ ಅಣ್ಣ ಹಿಡಿಯದೆ ಹೋದ ಹೆಂಗಸು

ನನ್ನ ಅಣ್ಣ ಓರ್ವಲ್‌ಗೆ ಮಾತು ತೊದಲುತ್ತಿತ್ತು. ಆರಡಿ ಮೂರಂಗುಲದ ಆಳು, ಕೋಳಿ ಆಹಾರದ ಮಿಲ್ಲಿನಲ್ಲಿ ಜೀವನವಿಡೀ ಮೂಟೆ ಎತ್ತಿದವನು. ಆದರೂ ನಾಲ್ಕು ಜನರ ಮುಂದೆ ತನ್ನ ಹೆಸರು ಹೇಳಬೇಕೆಂದರೆ ಬೆವರುತ್ತಿದ್ದ. ನಮ್ಮ ಕ್ರೈಸ್ತ ಸಭೆಯಲ್ಲಿ ಇದು ಸಣ್ಣ ಕೊರತೆಯಲ್ಲ. ಅಮೆರಿಕದ ಅರ್ಕನ್ಸಾ ರಾಜ್ಯದ ನಮ್ಮ ಊರಲ್ಲಿ ಬೇರೆ ಚರ್ಚಿನವರು ಪುಸ್ತಕ ನೋಡಿ ಮೆಲ್ಲಗೆ ಪ್ರಾರ್ಥಿಸುತ್ತಾರೆ. ನಾವು ಕೈಯೆತ್ತಿ ಕೂಗುವವರು, ಪವಿತ್ರಾತ್ಮ ತುಂಬಿದಾಗ ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಮಾತಾಡುವವರು, ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವವರು. ಓರ್ವಲ್ ಕೊನೆಯ ಸಾಲಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ.

ಒಂದು ಭಾನುವಾರ ಪಾಸ್ಟರ್ ಹೋಬರ್ಟ್ ಅವನ ತೋಳು ಹಿಡಿದು ನೋಡಿದರು. "ಬ್ರದರ್ ಓರ್ವಲ್, ನಾಲಿಗೆ ಸಡಿಲ ಆಗದಿದ್ರೆ ಬಿಡಿ, ಈ ತೋಳು ದೇವರು ಯಾತಕ್ಕೆ ಕೊಟ್ಟಿದಾನೆ ಅಂದ್ಕೊಂಡ್ರಿ? ಬನ್ನಿ, ಮುಂದೆ ಬಂದು ಬೀಳೋರನ್ನ ಹಿಡೀರಿ."

ಉಪದೇಶ ಮಾಡುವ ಪ್ರಸಂಗಿ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಜನ ಪವಿತ್ರಾತ್ಮನ ಬಲಕ್ಕೆ ಹಿಮ್ಮುಖವಾಗಿ ಬೀಳುತ್ತಾರೆ. ಬೀಳುವವರನ್ನು ಬೆನ್ನಿಗೆ ಕೈಕೊಟ್ಟು ನೆಲಕ್ಕೆ ಮಲಗಿಸಲು ಹಿಂದೆ ಒಬ್ಬ ಬೇಕು. ಹೆಂಗಸರಾದರೆ ಕಾಲ ಮೇಲೆ ಬಟ್ಟೆ ಹೊದಿಸಲು ಪಕ್ಕದಲ್ಲಿ ಇನ್ನೊಬ್ಬಳು ಬೇಕು. ಆ ಇನ್ನೊಬ್ಬಳು ನಾನೇ. ಗಂಡ ತೀರಿಕೊಂಡ ಮೇಲೆ ನಾನು ಓರ್ವಲ್ ಮನೆಗೇ ಬಂದು ಸೇರಿದ್ದೆ. ಅವನು ಮದುವೆಯಾಗಿರಲಿಲ್ಲ. ಹೀಗೆ ಅಣ್ಣ ತಂಗಿ ಇಬ್ಬರೂ ಹನ್ನೊಂದು ವರ್ಷ, ಪ್ರತಿ ಆಗಸ್ಟಿನ ಸಮ್ಮೇಳನದಲ್ಲಿ, ಅವನು ಹಿಡಿಯುವುದು ನಾನು ಹೊದಿಸುವುದು ಮಾಡಿಕೊಂಡು ಬಂದೆವು.

ಅವನು ಆ ಕೆಲಸದಲ್ಲಿ ಪಳಗಿದ್ದ. ಯಾರ ಹಿಮ್ಮಡಿ ಏಳುತ್ತದೆ, ಯಾರ ಮಂಡಿ ಕುಸಿಯುತ್ತದೆ ಎಂದು ಹಿಂದಿನಿಂದಲೇ ಗೊತ್ತಾಗುತ್ತಿತ್ತು. ಯಾರು ನಿಜಕ್ಕೂ ಬೀಳುತ್ತಾರೆ, ಯಾರು ಪ್ರಸಂಗಿಯ ಮುಖ ಉಳಿಸಲು ಮೆಲ್ಲಗೆ ಕೂರುತ್ತಾರೆ ಎಂಬುದೂ ಗೊತ್ತಿತ್ತು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಒಮ್ಮೆ ನಾನು ಕೆಣಕಿ ಕೇಳಿದ್ದಕ್ಕೆ, "ಭಾ... ಭಾರ ಒಂದೇ ಕಣೇ ವರ್ನೆಲ್, ಎರಡಕ್ಕೂ" ಅಂದಿದ್ದ. ಹನ್ನೊಂದು ವರ್ಷದಲ್ಲಿ ಅವನ ಕೈಯಿಂದ ಒಬ್ಬರ ತಲೆಯೂ ನೆಲಕ್ಕೆ ಬಡಿದಿರಲಿಲ್ಲ. ಅದು ಅವನಿಗಿದ್ದ ಒಂದೇ ಹೆಮ್ಮೆ.

ಐಲೀಟಾ ವಾನ್ಸ್ ನಮ್ಮ ಊರ ಶಾಲೆಯ ಅಡಿಗೆಮನೆಯಲ್ಲಿ ಮೂವತ್ತು ವರ್ಷ ಇದ್ದವರು. ಓರ್ವಲ್‌ಗೂ ನನಗೂ ಚಿಕ್ಕಂದಿನಲ್ಲಿ ತಟ್ಟೆಗೆ ಬಡಿಸಿದವರು. ನಾನು ಹೇಳುತ್ತಿರುವ ವರ್ಷ ಅವರಿಗೆ ಅರವತ್ತಾರು. ಸಮ್ಮೇಳನಕ್ಕೆ ನಾಲ್ಕು ದೊಡ್ಡ ತಟ್ಟೆಗಳಲ್ಲಿ ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿತಿಂಡಿ ಮಾಡಿ ತರುತ್ತಿದ್ದರು. ಹೊರಗಿನಿಂದ ಬಂದವರು ಪ್ರಸಂಗ ಮರೆತರೂ ಅದನ್ನು ಮರೆಯುತ್ತಿರಲಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಐಲೀಟಾ ಒಮ್ಮೆಯೂ ಬಿದ್ದಿರಲಿಲ್ಲ. ಪ್ರತಿ ಸಲ ಸಾಲಿನಲ್ಲಿ ನಿಲ್ಲುತ್ತಿದ್ದರು, ಪ್ರಸಂಗಿ ಕೈಯಿಡುತ್ತಿದ್ದರು, ಐಲೀಟಾ ಕಂಬದ ಹಾಗೆ ನಿಂತೇ ಇರುತ್ತಿದ್ದರು. ಅವರೊಳಗೆ ಏನೋ ಅಡ್ಡಿಯಿದೆ, ಆತ್ಮನಿಗೆ ಬಾಗಿಲು ತೆಗೆಯುತ್ತಿಲ್ಲ ಎಂದು ಹೆಂಗಸರು ಪಿಸುಗುಟ್ಟುವುದು ಅವರ ಕಿವಿಗೂ ಬಿದ್ದಿತ್ತು.

"ಈ ವರ್ಷನಾದ್ರೂ ನನ್ನ ಹಿಡಿಯೋ ಯೋಗ ನಿಂಗಿದೆಯೇನೋ ನೋಡೋಣ" ಎಂದು ಆ ವರ್ಷದ ಸಮ್ಮೇಳನದ ಶನಿವಾರ ಬೆಳಿಗ್ಗೆ ಓರ್ವಲ್‌ನನ್ನು ನಗುತ್ತಲೇ ಕೇಳಿದ್ದರು. "ನಾನು ತೂಕ ಜಾಸ್ತಿ ಕಣೋ. ಮಿಲ್ಲಲ್ಲಿ ಅಭ್ಯಾಸ ಮಾಡ್ಕೊಂಡು ಬಂದಿದೀಯ ತಾನೇ?"

"ನೀ... ನೀವು ಬೀಳಿ ಸಿಸ್ಟರ್. ಉಳಿದಿದ್ದು ನನ್ನ ಕೆಲಸ."

ಅದು ತೊಂಬತ್ನಾಲ್ಕನೆಯ ಇಸವಿ. ಆ ವರ್ಷ ಮೊದಲ ಸಲ ಸಮ್ಮೇಳನದ ವಿಡಿಯೊ ತೆಗೆಯುತ್ತಿದ್ದರು, ಐದು ರಾಜ್ಯಗಳ ಸಭೆಗಳಿಗೆ ಕಳಿಸಲು. ಟೆಕ್ಸಸ್‌ನಿಂದ ಹೆಸರಾಂತ ಪ್ರಸಂಗಿಯನ್ನು ಕರೆಸಿದ್ದರು. ನಮ್ಮ ಸಭಾಂಗಣ ಹಿಂದೆ ಗಾಲಿ ಬೂಟು ಹಾಕಿಕೊಂಡು ಆಡುವ ಜಾಗವಾಗಿತ್ತು. ಕಾಂಕ್ರೀಟ್ ನೆಲದ ಮೇಲೆ ತೆಳ್ಳನೆಯ ಜಮಖಾನ ಅಂಟಿಸಿದ್ದರು. ಮಧ್ಯಾಹ್ನ ಮೂರು ಗಂಟೆ. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ಮುಂದೆ ನಲವತ್ತು ಜನ ಸಾಲಾಗಿ ನಿಂತಿದ್ದರು. ಓರ್ವಲ್ ಒಬ್ಬೊಬ್ಬರನ್ನೇ ಹಿಡಿದು ಮಲಗಿಸುತ್ತ ಬಂದ. ಬಗ್ಗಿ ಏಳುವುದರಲ್ಲಿ ಅವನ ಬಿಳಿ ಶರ್ಟು ಹಿಂದಿನಿಂದ ಪ್ಯಾಂಟಿನಾಚೆ ಬಂದು ಬಾಲದ ಹಾಗೆ ನೇತಾಡುತ್ತಿತ್ತು.

ಪ್ರಸಂಗಿ ಐಲೀಟಾ ಮುಂದೆ ಬಂದು ನಿಂತರು. ಕ್ಯಾಮೆರಾ ಇವರತ್ತ ತಿರುಗಿತು. ನನ್ನ ಕಣ್ಣಿಗೆ ಐಲೀಟಾ ಕಾಣಿಸಲಿಲ್ಲ, ಪ್ರಸಂಗಿಯೂ ಕಾಣಿಸಲಿಲ್ಲ. ಕಂಡದ್ದು ಅಣ್ಣನ ಶರ್ಟು. ಇದನ್ನು ಐದು ರಾಜ್ಯದ ಜನ ನೋಡುತ್ತಾರಲ್ಲ, ನಮ್ಮ ಟೀಗ್ ಮನೆತನದವರಿಗೆ ಬಟ್ಟೆ ಹಾಕಿಕೊಳ್ಳಲೂ ಬರುವುದಿಲ್ಲ ಅನ್ನುತ್ತಾರಲ್ಲ ಎಂದು ನನಗೆ ಮುಜುಗರವಾಯಿತು. ಅವನ ಕಣ್ಣು ಸೆಳೆದು, ನನ್ನ ಸೊಂಟದ ಹಿಂಭಾಗ ತಟ್ಟಿ ತೋರಿಸಿದೆ. ಸರಿಮಾಡ್ಕೋ ಎಂದು ಹುಬ್ಬು ಹಾರಿಸಿದೆ. ಓರ್ವಲ್ ಯಾವಾಗಲೂ ನನ್ನ ಮಾತು ಕೇಳುವವನು. ಎರಡೂ ಕೈ ಹಿಂದಕ್ಕೆ ಒಯ್ದು ಶರ್ಟನ್ನು ಪ್ಯಾಂಟಿನೊಳಗೆ ತುರುಕತೊಡಗಿದ. ಅದೇ ಗಳಿಗೆಯಲ್ಲಿ, ಹನ್ನೊಂದು ವರ್ಷ ನಿಂತೇ ಇದ್ದ ಐಲೀಟಾ ಬಿದ್ದರು.

ಅವರು ಕೈ ಊರಲಿಲ್ಲ, ಮಂಡಿ ಬಗ್ಗಿಸಲಿಲ್ಲ, ಉದ್ದಕ್ಕೆ ಬಿದ್ದರು. ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಅವರ ಕೂಗು.

ಪಿಯಾನೊ ಬಾರಿಸುತ್ತಿದ್ದವಳು ನಿಲ್ಲಿಸಿದಳು. ಪ್ರಸಂಗಿ ಒಂದು ಕ್ಷಣ ತಬ್ಬಿಬ್ಬಾಗಿ, ಕೂಡಲೆ ಮೈಕನ್ನು ಬಾಯಿಗೆ ಹಿಡಿದು, "ಆತ್ಮನು ಬೀಳಿಸಿದವರಿಗೆ ಗಾಯ ಆಗಲ್ಲ! ಸ್ವಂತ ಮನಸ್ಸಿನಿಂದ ಬೀಳೋರು ಎಚ್ಚರವಾಗಿರಿ!" ಅಂದರು. ಪಿಯಾನೊ ಮತ್ತೆ ಶುರುವಾಯಿತು. ನಾನು ಅಭ್ಯಾಸಬಲದಿಂದ ಐಲೀಟಾ ಕಾಲ ಮೇಲೆ ಬಟ್ಟೆ ಹೊದಿಸಿದೆ. ಕಾಲು ಹೊರಗಡೆಗೆ ತಿರುಚಿಕೊಂಡಿತ್ತು.

ಆಂಬ್ಯುಲೆನ್ಸ್ ಹೋದ ಮೇಲೆ ಪಾಸ್ಟರ್ ಹೋಬರ್ಟ್ ನಮ್ಮಿಬ್ಬರನ್ನೂ ಪಡಸಾಲೆಗೆ ಕರೆದರು. "ಏನಾಯ್ತು ಬ್ರದರ್?"

ಓರ್ವಲ್ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಬಟ್ಟೆ ಮಡಿಸುತ್ತಿದ್ದೆ.

"ಅವರು... ಎ... ಎಲ್ಲರ ಹಾಗೆ ಬೀಳಲಿಲ್ಲ" ಅಂದ. "ವಾರೆಯಾಗಿ ಹೋದ್ರು. ಸಿಗಲಿಲ್ಲ."

"ಹೌದು, ಹಾಗೇ ಅನ್ನಿಸ್ತು ನಂಗೂ" ಎಂದು ಪಾಸ್ಟರ್ ತಲೆಯಾಡಿಸಿದರು. ಅವರಿಗೂ ಅದೇ ಬೇಕಾಗಿತ್ತು. ಭಾನುವಾರದ ಊಟದ ಹೊತ್ತಿಗೆ ಸಭೆಯಲ್ಲೆಲ್ಲ ಅದೇ ಮಾತು: ಪಾಪ ಐಲೀಟಾ, ಇಷ್ಟು ವರ್ಷ ಕಾದು ಕಾದು ತಾಳ್ಮೆ ಕೆಟ್ಟು ತಾನೇ ಬಿದ್ದುಬಿಟ್ಟಳು. ಪಾಪ ಎಂಬ ಮಾತನ್ನು ಎಲ್ಲರೂ ಸೇರಿಸುತ್ತಿದ್ದರು. ಅವರು ಮಾಡಿ ತಂದಿದ್ದ ಕಾಬ್ಲರನ್ನು ತಿನ್ನುತ್ತಲೇ ಇದನ್ನೆಲ್ಲ ಆಡಿದರು. ನಾನೂ ತಿಂದೆ. ವಿಡಿಯೊ ಬಂದಾಗ ಅದರಲ್ಲಿ ಆ ಭಾಗವನ್ನೇ ತೆಗೆದುಹಾಕಿದ್ದರು.

ಬುಧವಾರ ಆಸ್ಪತ್ರೆಗೆ ಹೋದೆವು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ದಾರಿಯಲ್ಲಿ ಓರ್ವಲ್ ಗಾಡಿ ಓಡಿಸುತ್ತ, "ಇವತ್ತು ಹೇಳ್ತೀನಿ" ಅಂದ, ತೊದಲದೆ. ನಾನು ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಅವನು ಬಾಯಿ ತೆಗೆಯುವ ಮೊದಲೇ ಐಲೀಟಾ ಅವನ ಕೈ ಹಿಡಿದುಕೊಂಡರು. ಹಾಸಿಗೆಯಲ್ಲಿ ಅವರ ಮುಖ ಚಿಕ್ಕದಾಗಿ ಕಾಣುತ್ತಿತ್ತು.

"ಓರ್ವಲ್, ನಿನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು. ಅವತ್ತು ನಂಗೆ ನಿಜವಾಗ್ಲೂ ಏನೋ ಆದ ಹಾಗಾಯ್ತು ಕಣೋ, ಬಿಸಿನೀರು ಹುಯ್ದ ಹಾಗೆ. ಆದ್ರೆ ಎಲ್ಲರೂ ಹೇಳೋದು ನೋಡಿದ್ರೆ ನಾನೇ ವಾಲಿದೆ ಅನ್ಸುತ್ತೆ. ಅಷ್ಟು ಆಸೆ ಇತ್ತಲ್ಲ. ಆಸೆಗೆ ಬಿದ್ದುಬಿಟ್ಟೆ. ನಿನ್ನ ಹೆಸರೂ ಕೆಡಿಸಿದೆ. ಕ್ಷಮಿಸ್ತೀಯಾ?"

ಓರ್ವಲ್ ಬಾಯಿ ತೆರೆದ. ಐಲೀಟಾ ಅವನ ತೊದಲಿಗೆ ಕಾಯುವವರ ಹಾಗೆ ಸಮಾಧಾನದಿಂದ ಕಾದರು. ಕೊನೆಗೆ ಅವನು, "ಪ... ಪರವಾಗಿಲ್ಲ ಸಿಸ್ಟರ್" ಅಂದ.

ಅವನು ಆಕೆಯನ್ನು ಕ್ಷಮಿಸಿದ. ನಾನು ಪಕ್ಕದಲ್ಲಿ ನಿಂತು ಹೂವಿನ ಕುಂಡ ಸರಿಮಾಡುತ್ತಿದ್ದೆ.

ಐಲೀಟಾ ಚೇತರಿಸಿಕೊಂಡು ನಡೆಗೋಲು ಹಿಡಿದು ಬಂದರು. ಆದರೆ ಕೊನೆಯ ಸಾಲು ಬಿಟ್ಟು ಮುಂದೆ ಬರಲಿಲ್ಲ. ಮುಂದಿನ ವರ್ಷ ಕಾಬ್ಲರ್ ಮಾಡಿ ಎಂದು ಯಾರೂ ಕೇಳಲಿಲ್ಲ. ಅವರು ನಿಂತುಕೊಂಡು ಮಾಡುವುದು ಕಷ್ಟ ಎಂದು ನಾವೇ ನೆಪ ಹೇಳಿಕೊಂಡೆವು. ಸಾಕ್ಷಿಯ ಹೊತ್ತಿನಲ್ಲಿ ಅವರು ತಲೆ ತಗ್ಗಿಸಿಕೊಂಡು ಕೂರುತ್ತಿದ್ದರು. ಓರ್ವಲ್ ಹಿಡಿಯುವುದನ್ನು ಬಿಡಲಿಲ್ಲ. ಬಿಟ್ಟರೆ ಯಾಕೆ ಎಂದು ಕೇಳುತ್ತಾರಲ್ಲ. ಆದರೆ ಅವನ ಕೈ ಮೊದಲಿನ ಹಾಗಿರಲಿಲ್ಲ. ಜನ ಬೀಳುವ ಮೊದಲೇ ಬೆನ್ನಿಗೆ ಅಂಗೈ ಒತ್ತುತ್ತಿದ್ದ. "ಇದೇನ್ರೀ, ದಬ್ತಾ ಇದೀರಾ?" ಎಂದು ಒಬ್ಬಾತ ತಮಾಷೆ ಮಾಡಿದ. ಮನೆಯಲ್ಲಿ ಓರ್ವಲ್ ಉಣ್ಣುವುದು ಕಡಿಮೆಯಾಯಿತು. ಊಟದ ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಆ ವಿಷಯವನ್ನು ನಾವಿಬ್ಬರೂ ಮೂರು ವರ್ಷ ಎತ್ತಲಿಲ್ಲ.

ತೊಂಬತ್ತೇಳರ ಸಮ್ಮೇಳನದ ಹಿಂದಿನ ವಾರ, ಒಂದು ಬೆಳಿಗ್ಗೆ ಅವನು ಗಾಡಿಯ ಕೀಲಿ ತೆಗೆದುಕೊಂಡು, "ಬರ್ತೀಯಾ?" ಅಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಐಲೀಟಾ ಹಿತ್ತಲ ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದರು. ಓರ್ವಲ್ ಕೂರಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಒಂದೊಂದು ಅಕ್ಷರಕ್ಕೂ ಒದ್ದಾಡಿ, ಎಲ್ಲ ಹೇಳಿದ. ಕೈ ಎಲ್ಲಿತ್ತು ಎಂಬುದನ್ನು ಹೇಳಿದ. ವಾರೆಯಾಗಿ ಬೀಳಲಿಲ್ಲ, ನೇರ ನನ್ನ ಕಡೆಗೇ ಬಿದ್ದಿರಿ ಎಂದು ಹೇಳಿದ. ನನ್ನ ಹೆಸರು ತೆಗೆಯಲಿಲ್ಲ. ತೆಗೆಯುತ್ತಾನೆಂದು ನಾನು ಕಾದೆ. ತೆಗೆಯದಿದ್ದಾಗ ನನಗೆ ಆದದ್ದು ಸಮಾಧಾನ. ಅದನ್ನು ಬರೆಯಲು ಈಗಲೂ ಕೈ ಬಾರದು.

ಐಲೀಟಾ ಬೀನ್ಸಿನ ಬುಟ್ಟಿಯನ್ನು ನೆಲಕ್ಕಿಟ್ಟರು.

"ಮೂರು ವರ್ಷ" ಅಂದರು. "ಮೂರು ವರ್ಷದಿಂದ ದಿನಾ ಎದ್ದ ತಕ್ಷಣ ದೇವರ ಹತ್ರ ತಪ್ಪೊಪ್ಪಿಕೊಳ್ತಿದ್ದೆ. ನಾನು ಕಪಟಿ, ನನ್ನ ತೊಳಿ ಅಂತ. ಆವಾಗ ಅವನು ಮೇಲೆ ಕೂತು ಏನಂದ್ಕೊಂಡಿರ್ಬೇಕು? ಈ ಮುದುಕಿಗೆ ತಲೆ ಕೆಟ್ಟಿದೆ ಅಂತಿದ್ದನೇನೋ!"

"ಸಿಸ್ಟರ್..."

"ಸುಮ್ನಿರು! ಮೂಳೆ ಹೋಗ್ಲಿ, ಮೂಳೆ ಯಾರದ್ದಾದ್ರೂ ಮುರಿಯುತ್ತೆ. ನನ್ನ ಜೀವಮಾನದಲ್ಲಿ ಒಂದೇ ಸಲ ಅದು ಬಂದಿತ್ತು ಕಣೋ, ಒಂದೇ ಸಲ. ಅದನ್ನೂ ಸುಳ್ಳು ಅಂತ ನಂಬಿಸಿಬಿಟ್ರಲ್ಲ ನೀವೆಲ್ಲ." ಅವರು ಅಳಲಿಲ್ಲ. ಅವರಿಗೆ ಅಂಥ ಸಿಟ್ಟು ಬಂದದ್ದನ್ನು ಶಾಲೆಯ ದಿನಗಳಲ್ಲೂ ನಾನು ನೋಡಿರಲಿಲ್ಲ. "ಇಲ್ಲಿ ನನ್ನ ಹಿತ್ತಲಲ್ಲಿ ನಿಂತು ಹೇಳಿದ್ರೆ ಯಾರಿಗೆ ಕೇಳುತ್ತೆ? ಎಲ್ಲಿ ಬಿದ್ದೆನೋ ಅಲ್ಲಿ ಹೇಳು. ಹೋಗು."

ಶನಿವಾರ ಮಧ್ಯಾಹ್ನ, ಸಾಕ್ಷಿಯ ಹೊತ್ತಿನಲ್ಲಿ, ಓರ್ವಲ್ ಎದ್ದು ಮೈಕಿನ ಹತ್ತಿರ ಹೋದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಎದ್ದದ್ದು ನೋಡಿ ಜನ ಆಗಲೇ ಚಪ್ಪಾಳೆ ತಟ್ಟಿದರು. "ಸ್ತೋತ್ರ! ಮಾತಾಡಿ ಬ್ರದರ್!" ಎಂದು ಯಾರೋ ಕೂಗಿದರು. ಅವನಿಗೆ ಮೊದಲ ಪದ ಹೊರಡಲು ಅರ್ಧ ನಿಮಿಷ ಹಿಡಿಯಿತು. ಐಲೀಟಾ ಕೊನೆಯ ಸಾಲಿನಲ್ಲಿ ನಡೆಗೋಲಿನ ಮೇಲೆ ಗಲ್ಲವಿಟ್ಟು ನೋಡುತ್ತಿದ್ದರು.

ಅರ್ಧ ಹೇಳುವಷ್ಟರಲ್ಲಿ ಪಾಸ್ಟರ್ ಹೋಬರ್ಟ್ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. "ನೋಡಿ, ಎಂಥ ದೀನ ಮನಸ್ಸು ನಮ್ಮ ಸಹೋದರನದು! ಇನ್ನೊಬ್ಬರ ತಪ್ಪನ್ನೂ ತನ್ನ ಮೇಲೆ ಹಾಕ್ಕೊಳ್ತಾ ಇದಾರೆ! ಹಲ್ಲೆಲೂಯ!"

"ಇ... ಇಲ್ಲ" ಅಂದ ಓರ್ವಲ್. ಪಾಸ್ಟರರ ಕೈಯನ್ನು ಹೆಗಲಿಂದ ತೆಗೆದ. "ಇನ್ನೊಬ್ಬರ ತಪ್ಪಲ್ಲ. ನಾನು ಶ... ಶರ್ಟು ಸಿಗಿಸ್ಕೊಳ್ತಿದ್ದೆ. ಕೈ ಪ್ಯಾಂಟೊಳಗಿತ್ತು."

ಹಿಂದಿನಿಂದ ಯಾರೋ ನಕ್ಕರು. ನಗು ಹಬ್ಬಿತು. ನಾಲ್ಕುನೂರು ಜನರ ಸಭೆಯಲ್ಲಿ, ಕೆಂಪಾದ ಮುಖ ಹೊತ್ತು, ನಗು ಮುಗಿಯುವವರೆಗೂ ಅವನು ನಿಂತಿದ್ದ. ಆಮೇಲೆ ಅಂದ: "ಅವರು ನಿಜವಾಗಿ ಬಿ... ಬಿದ್ರು. ನಾನು ಪಾಸ್ಟರ್‌ಗೆ ಸುಳ್ಳು ಹೇಳ್ದೆ. ನೀವು ನಂಬಿದ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ಹೊತ್ತೂ ನಾನು ಮುಂದೆ, ನನ್ನ ಜಾಗದಲ್ಲಿ, ಮಡಿಸಿದ ಬಟ್ಟೆಗಳನ್ನು ತೋಳ ಮೇಲೆ ಹಾಕಿಕೊಂಡು ನಿಂತಿದ್ದೆ. ಮೈಕು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ತೊದಲದ ನಾಲಿಗೆ ನನ್ನದು. ನಾನು ಹೋಗಲಿಲ್ಲ.

ಓರ್ವಲ್‌ನನ್ನು ಹಿಡಿಯುವ ಕೆಲಸದಿಂದ ಬಿಡಿಸಿ ಗಾಡಿ ನಿಲ್ಲಿಸುವ ಜಾಗಕ್ಕೆ ಹಾಕಿದರು. ಬಿಸಿಲಿನಲ್ಲಿ ಕಿತ್ತಳೆ ಅಂಗಿ ತೊಟ್ಟು ಕೈ ಬೀಸುತ್ತಿದ್ದ. ಊಟಕ್ಕೆ ಮಾತ್ರ ಮೊದಲಿನ ಹಾಗೆ ಕೂತು ಎರಡು ಸಲ ಬಡಿಸಿಕೊಳ್ಳತೊಡಗಿದ. ಮೂರ್ನಾಲ್ಕು ಹೆಂಗಸರು ಐಲೀಟಾ ಮನೆಗೆ ಹೋಗಿ ಕ್ಷಮೆ ಕೇಳಿದರು. ಅವರು ಕಾಫಿ ಕೊಟ್ಟು ಕಳಿಸಿದರು. ಆದರೆ ನಮ್ಮ ಸಭೆಗೆ ಮತ್ತೆ ಬರಲಿಲ್ಲ, ಎರಡು ಬೀದಿ ಆಚೆಯ ಮೆಥೊಡಿಸ್ಟರ ಚರ್ಚಿಗೆ ಹೋಗತೊಡಗಿದರು. ಅಲ್ಲಿ ಯಾರೂ ಯಾರನ್ನೂ ಬೀಳಿಸುವುದಿಲ್ಲ ಎಂದು ಹೇಳುತ್ತಿದ್ದರಂತೆ.

ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ ಓರ್ವಲ್ ಮಿಲ್ಲಿನ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಮಣ್ಣಿಗೆ ಐಲೀಟಾ ಬಂದಿದ್ದರು, ಎಂಬತ್ತೊಂದರ ವಯಸ್ಸಿನಲ್ಲಿ. ಅವತ್ತು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಮೇ ತಿಂಗಳಲ್ಲಿ, ಅವರಿದ್ದ ವೃದ್ಧಾಶ್ರಮಕ್ಕೆ ಹೋಗಿ, ಹೇಳಿದೆ: ಸನ್ನೆ ಮಾಡಿದ್ದು ನಾನು. ಪಡಸಾಲೆಯಲ್ಲಿ, ಆಸ್ಪತ್ರೆಯಲ್ಲಿ, ಹಿತ್ತಲಲ್ಲಿ, ಮೈಕಿನ ಮುಂದೆ, ನಾಲ್ಕು ಕಡೆಯೂ ಸುಮ್ಮನಿದ್ದದ್ದು ನಾನು.

ಐಲೀಟಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅಂದ್ಕೊಂಡಿದ್ದೆ" ಅಂದರು. "ಅವನು ತಾನಾಗೇ ಬಟ್ಟೆ ಬಗ್ಗೆ ತಲೆ ಕೆಡಿಸ್ಕೊಳ್ಳೋ ಗಂಡಸಲ್ಲ. ಹನ್ನೆರಡು ವರ್ಷ ಕಾದೆ ಕಣೇ, ಇವಳು ಬರ್ತಾಳಾ ಅಂತ. ಅವನು ಸತ್ತ ಮೇಲೆ ನೀನು ಬಂದೆ."

ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಆಶ್ರಮದ ಬಸ್ಸು ತಡ ಮಾಡುತ್ತದೆ, ನಿನ್ನ ಗಾಡಿ ಇದೆಯಾ ಎಂದು ಕೇಳಿದರು. ಇದೆ ಅಂದೆ. ಹತ್ತಕ್ಕೆ ಬಾ ಅಂದರು. ಒಂಬತ್ತೂವರೆಗೇ ಹೋಗಿ ಗೇಟಿನ ಬಳಿ ನಿಂತೆ.