ಜಯಮ್ಮನಿಗೂ ನನಗೂ ನಡುವೆ ಇದ್ದವಳು

ಆ ದಿನ ಮಹಡಿಯ ಮೇಲೆ ನನ್ನ ಕೈ ಹಿಡಿದವಳು ನನ್ನ ಅಕ್ಕ. ದೆವ್ವವಲ್ಲ, ಕನಸಲ್ಲ. ಅಕ್ಕ ಆಗಿನ್ನೂ ಬದುಕಿದ್ದಳು, ಹೆಗ್ಗನಹಳ್ಳಿಯ ತನ್ನ ಮನೆಯಲ್ಲಿದ್ದಳು. ನಾನಿದ್ದದ್ದು ಅಲ್ಲಿಂದ ಬಸ್ಸು ಹತ್ತಿ ಬರುವಷ್ಟು ದೂರದ ಚಂದ್ರಾ ಲೇಔಟಿನಲ್ಲಿ. ನೀವು ನಂಬಲೇಬೇಕು ಅಂತೇನಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಮೈಮೇಲೆ ದೇವರು ಬಂತೆಂದು ತೂರಾಡುತ್ತಿದ್ದ ನಾದಿನಿಯ ಮುಖಕ್ಕೆ ಒಂದು ಚೊಂಬು ನೀರು ಎರಚಿ ಕೂರಿಸಿದವಳು ನಾನು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಮ್ಮ ಮಹಡಿಯ ಮೇಲಿನ ರೂಮಿಗೆ ಎಲೇನಿ ಎಂಬ ಹುಡುಗಿ ಬಾಡಿಗೆಗೆ ಬಂದಿದ್ದಳು. ಗ್ರೀಸ್ ದೇಶದ ಯಾವುದೋ ದ್ವೀಪದವಳು. ಕೋಲಾಟ ಕಲಿಯಬೇಕೆಂದು ಅಷ್ಟು ದೂರದಿಂದ ಬಂದಿದ್ದಳು. ಭಾನುವಾರ ಸಂಜೆ ನಮ್ಮ ಬೀದಿಯ ಹೆಂಗಸರು ಅವಳಿಗೆ ಕೋಲಾಟ ಹೇಳಿಕೊಡುವುದು, ಅವಳು ತನ್ನೂರಿನ ಕುಣಿತ ಹೇಳಿಕೊಡುವುದು, ಹೀಗೆ ನಡೆದಿತ್ತು. ಅವರದು ಕೈ ಕೈ ಹಿಡಿದು ಸಾಲಾಗಿ ಸುತ್ತುವ ಕುಣಿತ. ಬಲಕ್ಕೆ ಎರಡು ಹೆಜ್ಜೆ, ಒಂದು ಕಾಲು ತೂಗುವುದು, ಹಿಂದಕ್ಕೆ ಒಂದು. ಟೇಪ್ ರೆಕಾರ್ಡರಿನಲ್ಲಿ ಅವಳ ತಾತ ಮೂರು ತಂತಿಯ ವಾದ್ಯವೊಂದನ್ನು ಬಿಲ್ಲಿನಿಂದ ಉಜ್ಜುತ್ತಿದ್ದ. ನಡುನಡುವೆ ಅವರೂರಿನ ನಾಯಿ ಬೊಗಳುವುದು, ಸಮುದ್ರದ ಸದ್ದು ಕೇಳಿಸುತ್ತಿತ್ತು.

ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಎದುರು ಮನೆಯ ಜಯಮ್ಮ, "ಏನಮ್ಮಾ, ಟ್ಯಾಂಕ್ ಕಾಯೋಕೆ ಕೂತಿದೀರಾ? ಯಾರೂ ಕದಿಯಲ್ಲ, ಬನ್ನಿ" ಎಂದು ಕೆಣಕುತ್ತಿದ್ದಳು. ಎಲೇನಿ ಮಾತ್ರ ಕರೆಯುತ್ತಿರಲಿಲ್ಲ. ಅವರೂರಿನಲ್ಲಿ ಗಂಡ ಸತ್ತವಳು ಕಪ್ಪು ಬಟ್ಟೆ ಉಟ್ಟು ಕುಣಿತ ಬಿಡುತ್ತಾಳಂತೆ. ದುಃಖದ ದಿನ ಕಳೆದ ಮೇಲೂ ತಾನಾಗಿ ಸಾಲಿಗೆ ಸೇರುವಂತಿಲ್ಲ. ಒಡಹುಟ್ಟಿದವರೇ ಬಂದು ಕೈ ಹಿಡಿದು ಎಳೆಯಬೇಕು.

"ಅಜ್ಜಿ, ನಿಮಗೆ ಯಾರು ಇದಾರೆ?" ಎಂದು ಎಲೇನಿ ಒಮ್ಮೆ ಕೇಳಿದಳು.

"ಯಾರೂ ಇಲ್ಲ" ಎಂದೆ. ಸುಳ್ಳು.

ನನ್ನ ಗಂಡ ಹೋದ ಹನ್ನೊಂದನೆಯ ದಿನ ನನ್ನ ಬಳೆ ಒಡೆದದ್ದು ಅಕ್ಕ. ಅವಳೂ ಗಂಡನನ್ನು ಕಳೆದುಕೊಂಡವಳು, ನಮ್ಮಲ್ಲಿ ಆ ಕೆಲಸ ಅಂಥವರದೇ. "ನೀನು ಬೇಡ, ಬೇರೆ ಯಾರಾದ್ರೂ ಮಾಡ್ಲಿ" ಎಂದು ಬೇಡಿಕೊಂಡಿದ್ದೆ. ಅವಳು ಕೇಳಲಿಲ್ಲ. ಅಂದಿನಿಂದ ಒಂಬತ್ತು ವರ್ಷ ಅವಳ ಮನೆಯ ಹೊಸಿಲು ತುಳಿದಿರಲಿಲ್ಲ. "ಸಾಯೋದ್ರೊಳಗೆ ಒಂದ್ಸಲ ಬಾ" ಎಂದು ಎರಡು ಬಾರಿ ಹೇಳಿಕಳಿಸಿದ್ದಳು. ಹೋಗಬೇಕು ಅನ್ನಿಸುತ್ತಿತ್ತು. ಕಾಲು ಏಳುತ್ತಿರಲಿಲ್ಲ.

ಆ ಭಾನುವಾರ ಕರೆಂಟ್ ಹೋಗಿ ಬೀದಿಯ ಟಿವಿಗಳೆಲ್ಲ ಸುಮ್ಮನಾಗಿದ್ದವು. ಬಿಸಿಲು ಇಳಿದು ಮಹಡಿಗಳ ಮೇಲೆ ಒಣಹಾಕಿದ್ದ ಬಟ್ಟೆಗಳೆಲ್ಲ ಒಂದೇ ಬಣ್ಣವಾಗಿದ್ದವು. ಬ್ಯಾಟರಿ ಇಳಿದು ತಾತನ ವಾದ್ಯ ನಿಧಾನವಾಯಿತು. ಹೆಂಗಸರೂ ಹೆಜ್ಜೆ ನಿಧಾನ ಮಾಡಿ, ನೀರೊಳಗೆ ನಡೆಯುವವರ ಹಾಗೆ ಸುತ್ತುತ್ತಿದ್ದರು. ಸಾಲಿನ ತುದಿಯಲ್ಲಿದ್ದ ಜಯಮ್ಮ ನನ್ನ ಮುಂದೆ ಹಾದುಹೋದಳು. ಆಗ ಯಾರೋ ನನ್ನ ಬಲಗೈ ಹಿಡಿದು ಎಳೆದರು.

ಎದ್ದೆ. ಹೆಜ್ಜೆ ತಪ್ಪಬಾರದೆಂದು ತಲೆ ತಗ್ಗಿಸಿ ಕಾಲನ್ನೇ ನೋಡಿಕೊಂಡು ಮೂರು ಸುತ್ತು ಕುಣಿದೆ. ಮಂಡಿ ನೋಯಲಿಲ್ಲ. ನನ್ನನ್ನು ಹಿಡಿದದ್ದು ಊದುಬತ್ತಿ ಹೊಸೆದು ಹೊಸೆದು ಗಟ್ಟಿಯಾದ ಅಂಗೈ. ಅಕ್ಕ ಮೂವತ್ತು ವರ್ಷ ಮಾಡಿದ್ದು ಅದೇ ಕೆಲಸ. ನಡೆಯಲು ಕಲಿತದ್ದೇ ಆ ಕೈ ಹಿಡಿದು, ಗುರುತು ಸಿಗದೆ ಇರುತ್ತದೆಯೇ? ಅವಳು ಯಾವಾಗ ಬಂದಳು, ಹೇಗೆ ಬಂದಳು ಎಂದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಇದ್ದಾಳೆ, ಅಷ್ಟೇ.

ಟೇಪ್ ನಿಂತಿತು. ಕೈ ಬರಿದಾಗಿತ್ತು. ಜಯಮ್ಮ ಆಚೆ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ನನ್ನ ಕೈ ಹಿಡಿದದ್ದು ನೀನೇನೇ?" ಎಂದೆ.

"ನಾನೆಲ್ಲಿ ಹಿಡ್ಕೊಂಡಿದ್ದೆ? ನೀವೇ ಅಷ್ಟು ದೂರ ಕೈ ಚಾಚ್ಕೊಂಡು ಒಬ್ರೇ ಕುಣೀತಿದ್ರಿ. ಮಧ್ಯೆ ಇನ್ನೊಬ್ರು ಆರಾಮಾಗಿ ಹಿಡಿಸ್ತಿದ್ರು" ಎಂದು ನಕ್ಕಳು. ಎಲೇನಿ ನಗಲಿಲ್ಲ.

ಅಂಗೈಗೆ ಊದುಬತ್ತಿಯ ಕಪ್ಪು ಹತ್ತಿದೆಯೇ ಎಂದು ನೋಡಿಕೊಂಡೆ. ಇರಲಿಲ್ಲ. ಭ್ರಮೆ ಎಂದುಕೊಳ್ಳಲು ಬಹಳ ಸಲ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ. ಅಕ್ಕನನ್ನು ಕೇಳಬಹುದಿತ್ತು, ಕೇಳಲಿಲ್ಲ. ಈಗ ಅವಳೂ ಇಲ್ಲ.

ಮಾರನೆಯ ಬೆಳಿಗ್ಗೆ ಸೊಸೆ ಏಳುವ ಮುಂಚೆ ಹೆಗ್ಗನಹಳ್ಳಿಯ ಬಸ್ಸು ಹತ್ತಿದೆ. ಅಕ್ಕ ಬಾಗಿಲಲ್ಲಿ ಮೊರ ಇಟ್ಟುಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು. ಆಶ್ಚರ್ಯಪಡಲಿಲ್ಲ, ಅಳಲೂ ಇಲ್ಲ.

"ಬಂದ್ಯಾ? ಆ ಕಟ್ಟು ತಗೊಂಡು ಬಿಡಿಸು, ಹೊತ್ತಾಯ್ತು" ಎಂದಳು.

ಚಪ್ಪಲಿ ಬಿಟ್ಟು, ಅವಳ ಎದುರಿಗೆ ಕೂತು, ಸೊಪ್ಪು ಬಿಡಿಸಿದೆ.